ಎರಡನೇ ಸಲದ ಹೆಬ್ಬೆಟ್ಟು

"ದುಡ್ಡು ಬಂದೈತಲ್ಲಮ್ಮ," ಎಂದರು ಬ್ಯಾಂಕಿನ ಅಂಜನಪ್ಪ, ಕಂಪ್ಯೂಟರಿನಿಂದ ಕಣ್ಣು ಕೀಳದೆ.

ಗಾಜಿನ ಈಚೆ ನಿಂತಿದ್ದ ದೀಪಾ ಪಾಸ್‌ಬುಕ್ಕನ್ನು ಮತ್ತೆ ಒಳಗೆ ತಳ್ಳಿದಳು. "ಇದ್ರಾಗೆ ಬಂದಿಲ್ಲ ಸಾರ್. ಈಗಿನ್ನ ಎಂಟ್ರಿ ಹಾಕ್ಸಿದೀನಿ, ನೋಡ್ರಿ."

"ಇದಕ್ಕಲ್ಲ. ನಿನ್ನ ಇನ್ನೊಂದು ಅಕೌಂಟಿಗೆ."

"ನಂಗಿರದೇ ಇದೊಂದು."

ಅಂಜನಪ್ಪ ಆಗ ತಲೆಯೆತ್ತಿದರು. ಮೊದಲು ದೀಪಾಳನ್ನು, ಆಮೇಲೆ ಅವಳ ಪಕ್ಕದಲ್ಲಿದ್ದ ಮಂಗಳಾ ಮೇಡಂ ಅವರನ್ನು ನೋಡಿದರು. ನನ್ನನ್ನು ನೋಡಲಿಲ್ಲ. ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ನನಗೆ ಅದು ಅಭ್ಯಾಸವಾಗಿದೆ, ಮೇಡಂಗೆ ಉಪಯೋಗವಾಗಿದೆ.

ನಾಳೆ ಸಂಜೆಯೊಳಗೆ ಫೀಸು ಕಟ್ಟದಿದ್ದರೆ ಚಿತ್ರದುರ್ಗದ ನರ್ಸಿಂಗ್ ಕಾಲೇಜಿನಲ್ಲಿ ದೀಪಾಳ ಸೀಟು ಬೇರೆಯವರಿಗೆ ಹೋಗುತ್ತದೆ. ದೀಪಾ ನನ್ನ ಚಿಕ್ಕಮ್ಮನ ಮಗಳು. ಮಂಗಳಾ ಮೇಡಂ ವಕೀಲರು. ಡಿಗ್ರಿ ಮುಗಿದ ಮೇಲೆ ನಾನು ಅವರ ಆಫೀಸಿನಲ್ಲಿ ಟೈಪ್ ಮಾಡುತ್ತೇನೆ. ಮಂಜೂರಾದ ಸ್ಕಾಲರ್‌ಶಿಪ್ಪಿನ ಹಣ ಎಲ್ಲಿ ಹೋಯಿತು ಎಂದು ಹುಡುಕುತ್ತ ನಾವು ಮೂವರು ಹೊಸದುರ್ಗದ ಈ ಕೌಂಟರಿಗೆ ಬಂದು ನಿಂತಿದ್ದೆವು.

"ಸರ್ಕಾರದ ದುಡ್ಡು ಪಾಸ್‌ಬುಕ್ ನೋಡ್ಕಂಡು ಬರಲ್ಲ ಮೇಡಂ," ಎಂದರು ಅಂಜನಪ್ಪ. "ಆಧಾರ್ ನೋಡ್ಕಂಡು ಬರ್ತೈತೆ. ಆಧಾರಿಗೆ ಕಡೇ ಸಲ ಯಾವ ಅಕೌಂಟು ಜೋಡ್ಸಿರ್ತಾರೋ, ಅಲ್ಲಿಗೆ. ಈ ಹುಡುಗೀದು ಹೋದ ತಿಂಗ್ಳು ಬೇರೆ ಬ್ಯಾಂಕಿಗೆ ಜೋಡಣೆ ಆಗೈತೆ."

"ಯಾರು ಜೋಡ್ಸಿದ್ದು?"

"ಇವ್ಳೇ. ಆ ಬ್ಯಾಂಕಿಂದು ಈ ಊರಾಗೆ ಒಂದು ಸಣ್ಣ ಆಫೀಸೈತೆ. ಅಕೌಂಟೆಲ್ಲ ತೆಗೆಯೋದು ಹಳ್ಳಿ ಏಜೆಂಟ್ರು, ಹೆಬ್ಬೆಟ್ಟಿನ ಮಿಷನ್ ಇಟ್ಕಂಡು. ಹೆಬ್ಬೆಟ್ಟು ಬಿದ್ದೈತೆ ಅಂದ್ರೆ ಇವ್ಳೇ ಇಟ್ಟಿರಬೇಕಲ್ಲ?"

ದೀಪಾ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಕುರಿ ಉಣ್ಣೆ ಕತ್ತರಿಸುವಾಗ ಆದ ಗಾಯವೊಂದು ಅದರ ಮೇಲೆ ಅಡ್ಡಡ್ಡ ಮಾಗಿತ್ತು.

"ಯಾವ ಏಜೆಂಟು?" ಮೇಡಂ ಕೇಳಿದರು.

"ಇಲ್ಲಿ ಕಾಣಲ್ಲ. ನೀವೇ ಹೆಸರು ಹುಡುಕ್ಕಂಡು, ಬರ್ದು ಕೊಟ್ರೆ ಅಲ್ಲಿ ಮ್ಯಾನೇಜರು ಇವತ್ತೇ ಅಕೌಂಟು ಹಿಡಿದು ನಿಲ್ಲಿಸ್ತಾರೆ. ಸೀಲ್ ಹಾಕಿ ಕಾಗದನೂ ಕೊಡ್ತಾರೆ. ಹೆಸರಿಲ್ದೆ ಹೋದ್ರೆ ಮೇಲಿನ ಆಫೀಸಿಂದ ತರಿಸ್ಬೇಕು ಅಂತಾರೆ. ಅದು ಬರೋ ಹೊತ್ತಿಗೆ ಅಕೌಂಟಾಗೆ ಏನೂ ಉಳಿದಿರಲ್ಲ."

ಅಷ್ಟು ಸಾಕಿತ್ತು. ಸೀಲಿರುವ ಕಾಗದ ತಂದರೆ ಕಾಯುತ್ತೇನೆ ಎಂದು ಕಾಲೇಜಿನ ಪ್ರಾಂಶುಪಾಲರು ಬೆಳಿಗ್ಗೆಯೇ ಫೋನಿನಲ್ಲಿ ಒಪ್ಪಿದ್ದರು.

ಹೊರಗೆ ಬಿಸಿಲು ಬಿಳಿಯಾಗಿತ್ತು. ತೆಂಗಿನಕಾಯಿ ತುಂಬಿದ ಗಾಡಿಯೊಂದು ದಾಟುವವರೆಗೆ ನಾವು ರಸ್ತೆ ಪಕ್ಕ ನಿಂತೆವು. ಏನಾದರೂ ಅನ್ನಿಸಬೇಕಿತ್ತು ನನಗೆ, ಸಿಟ್ಟೋ ಭಯವೋ. ಬರಲಿಲ್ಲ. ಗಾಡಿಯಿಂದ ಒಂದು ಕಾಯಿ ಬಿದ್ದು ಉರುಳಿ ಚರಂಡಿಯ ಅಂಚಿನಲ್ಲಿ ನಿಂತದ್ದನ್ನು ನೋಡಿದೆ.

"ಹೆಬ್ಬೆಟ್ಟು ಎಲ್ಲೆಲ್ಲಿ ಇಟ್ಟಿದೀಯಾ?" ಮೇಡಂ ದೀಪಾಳನ್ನು ಕೇಳಿದರು.

"ರೇಷನ್ ಬಿಟ್ರೆ ಆ ಸೆಂಟರಾಗೆ ಒಂದಿನ. ಅದೂ ಸ್ಕಾಲರ್‌ಶಿಪ್ಪಿಗೆ."

ಆ ಸೆಂಟರು ಎಂದರೆ 'ಜ್ಞಾನದಾರಿ'. ನಿಮಗೆ ಸಿಗಬಹುದಾದ ಸ್ಕಾಲರ್‌ಶಿಪ್ಪುಗಳನ್ನೆಲ್ಲ ಹುಡುಕಿ ಕೊಡುತ್ತೇವೆ, ಹುಡುಕುವುದಕ್ಕೆ ಶುಲ್ಕ ಉಂಟು ಎಂದು ಅದರ ಬೋರ್ಡು ಬಸ್ ಸ್ಟ್ಯಾಂಡಿಗೂ ಕಾಣುತ್ತದೆ.

"ಅಲ್ಲಿಗೆ ಹೋಗು ಅಂದಿದ್ದು ಯಾರು?"

"ಪಿಯುಸಿಯಾಗೆ ಮಂಜಣ್ಣ ಸಾರ್ ಇದ್ರಲ್ಲ, ಅವ್ರೇ. ಕ್ಲಾಸಲ್ಲಿ ಎಲ್ರಿಗೂ ಹೇಳಿದ್ರು."

ಮೇಡಂ ನನ್ನ ಕಡೆ ನೋಡಿದರು. ಲೆಕ್ಚರರು ಮಂಜಣ್ಣ, ಸೆಂಟರು ನಡೆಸುವ ದುರ್ಗೇಶ್. ನಮ್ಮ ಬಳಿ ಇದ್ದದ್ದು ಈ ಎರಡು ಹೆಸರು.

"ಅವ್ರು ಹುಡುಕಿ ಕೊಟ್ಟಿದ್ದು ನಿನ್ನಂಥ ಹುಡುಗೀರಿಗೆಲ್ಲ ಸರ್ಕಾರ ಕೊಡೋದನ್ನೇ ಕಣೇ. ಅರ್ಜಿ ಹಾಕೋಕೆ ಒಂದು ಪೈಸೆ ಬೇಡ. ನಿನ್ನ ಫೋನಲ್ಲೇ ಹಾಕಬಹುದಿತ್ತು."

"ನಮಗೆ ಹೆಂಗ್ ಗೊತ್ತಾಗ್ಬೇಕು ಮೇಡಂ?" ದೀಪಾಳ ದನಿ ಏರಿತು. "ಅಪ್ಪ ಕುರಿ ಹೊಡ್ಕಂಡು ಹೋದ್ರೆ ಫೋನಿಗೇ ಸಿಗಲ್ಲ. ಅವ್ವ ಇಂಗ್ಲಿಷ್ ಕಂಡ್ರೆ ಹೆದರ್ತಾಳೆ. ಒಂದಕ್ಷರ ತಪ್ಪಿದ್ರೆ ಒಂದು ವರ್ಷ ಹೋತು ಅಂತ ಹೆದರಿಸ್ತಾರೆ ಎಲ್ರೂ. ಗೊತ್ತಿದ್ದೋರ ಕೈಲಿ ಮಾಡ್ಸಿದ್ರೆ ಒಂದು ಸಮಾಧಾನ."

"ಆ ಸಮಾಧಾನನೇ ಅವ್ನು ಮಾರಿದ್ದು. ಶುಲ್ಕ ಎಷ್ಟು ಕೊಟ್ಟೆ?"

"ಅವ್ವ ನೋಡ್ಕಂಡ್ಳು. ನಾನು ಕೇಳ್ಲಿಲ್ಲ."

ದುರ್ಗೇಶನಿಗೆ ದೀಪಾಳ ಗುರುತಿತ್ತು. ಅವಳನ್ನು ಸೆಂಟರಿನ ಎದುರಿನ ಜ್ಯೂಸ್ ಅಂಗಡಿಯಲ್ಲಿ ಕೂರಿಸಿದೆವು.

"ಇವತ್ತು ನೀನೇ ಗಿರಾಕಿ," ಎಂದು ಮೇಡಂ ನನಗೆ ಹೇಳಿದರು. "ನಾನು ನಿನ್ನ ಅತ್ತೆ. ಮಾತೆಲ್ಲ ನಾನಾಡ್ತೀನಿ. ನೀನು ನೋಡ್ತಾ ಇರು. ಏಜೆಂಟ್ ಯಾರು ಅಂತ ಗೊತ್ತಾದ್ರೆ ಸಾಕು. ಆ ಮಿಷನ್ ಏಜೆಂಟ್ ಬೆರಳಿಲ್ದೆ ಶುರುನೇ ಆಗಲ್ಲ. ಹಾಗಾಗಿ ಪೊಲೀಸ್ರು ಮೊದಲು ಕರೆಯೋದೂ ಅವನನ್ನೇ."

ಸೆಂಟರು ಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲುಗಳಿಗೂ ಯೂರಿಯಾ ವಾಸನೆ ಅಂಟಿತ್ತು. ಬಾಗಿಲ ಬಳಿ ಚಪ್ಪಲಿಗಳ ಸಾಲು. ಶಾಲೆಗೆ ಬಂದವರಂತೆ ಎಲ್ಲರೂ ಹೊರಗೇ ಬಿಟ್ಟಿದ್ದರು. ಒಳಗೆ ಗೋಡೆಯ ತುಂಬ ಗಾಜು ಹಾಕಿದ ಫೋಟೊಗಳು. ಒಂದರಲ್ಲಿ ಮಂಜಣ್ಣ ಸಾರ್ ಹಾರ ಹಾಕಿಕೊಂಡು ರಿಬ್ಬನ್ ಕತ್ತರಿಸುತ್ತಿದ್ದರು.

ನಮಗಿಂತ ಮುಂಚೆ ಒಬ್ಬ ಹುಡುಗಿ, ಅವಳ ಜೊತೆ ಅಜ್ಜಿ. ಹುಡುಗಿ ಮಿಷನ್ನಿನ ಕೆಂಪು ಬೆಳಕಿನ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದಳು.

"ತಗಳ್ತಿಲ್ಲ. ಇನ್ನೊಂದ್ಸಲ ಇಡಮ್ಮ," ಎಂದ ದುರ್ಗೇಶ್. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ನಗುಮುಖ. "ಮುದ್ದಕ್ಕಜ್ಜಿ, ನಿನ್ ಮೊಮ್ಮಗಳ ಬೆರಳಾಗೆ ಗೆರೆನೇ ಇಲ್ವಲ್ಲ!"

"ಎಲ್ಲಿರ್ತಾವಪ್ಪ? ದಿನಾ ಕಾಯಿ ಸುಲೀತಾಳೆ. ನಿನ್ನಂಗೆ ಕುಂತಲ್ಲೇ ತಿಂದಿದ್ರೆ ಇರವು," ಎಂದಳು ಅಜ್ಜಿ. "ತಲೆಗೆ ಒರೆಸ್ಕಂಡು ಇಡೇ."

ಹುಡುಗಿ ಬೆರಳನ್ನು ಎಣ್ಣೆಗೂದಲಿಗೆ ಒರೆಸಿ ಮತ್ತೆ ಇಟ್ಟಳು. ಮತ್ತೊಮ್ಮೆ ಇಡು ಎಂದಾಗ ಮತ್ತೊಮ್ಮೆ.

ನಮ್ಮ ಕಡೆ ಇದು ಯಾರಿಗೂ ವಿಚಿತ್ರವಲ್ಲ. ಕಾಯಿ ಸುಲಿದು, ಉಣ್ಣೆ ಕತ್ತರಿಸಿ, ಜಾಲಿ ಕಡಿದು ಗೆರೆ ಸವೆದ ಬೆರಳುಗಳು. ರೇಷನ್ ಅಂಗಡಿಯಲ್ಲಿ ಒಂದೇ ಸಲಕ್ಕೆ ಯಾರ ಹೆಬ್ಬೆಟ್ಟೂ ಹತ್ತುವುದಿಲ್ಲ. ಅಕ್ಕಿ ಬೇಕಾದರೆ ಹತ್ತುವವರೆಗೆ ಒತ್ತಬೇಕು. ಯಾಕೆ ಇನ್ನೊಂದು ಸಲ ಎಂದು ಕೇಳುವ ಅಭ್ಯಾಸವೇ ಇಲ್ಲ. ತಪ್ಪು ನಮ್ಮ ಬೆರಳಿನದ್ದೇ ಎಂದುಕೊಳ್ಳುತ್ತೇವೆ.

ಅಜ್ಜಿ, ಮೊಮ್ಮಗಳು ಹೊರಟರು.

"ಬರ್ರಿ ಮೇಡಂ, ಕುಂತ್ಕಳ್ರಿ. ನೀರು ಕುಡೀರಿ. ಯಾರಿಗೆ ನೋಡ್ಬೇಕು?"

"ನಮ್ಮ ಹುಡುಗಿಗೆ," ಎಂದರು ಮೇಡಂ. "ಮುಂದೆ ಓದ್ಬೇಕಂತೆ. ಹುಡುಕಿ ಕೊಡ್ತೀರಂತಲ್ಲ?"

"ದೇಶದಾಗೆ ಸಾವಿರಾರು ಸ್ಕಾಲರ್‌ಶಿಪ್ ಅವೆ ಮೇಡಂ. ತಗಳೋರಿಲ್ದೆ ಹಂಗೇ ವಾಪಸ್ ಹೋಗ್ತಾವೆ."

"ವಾಪಸ್ ಹೋಗಿದ್ದು ನೀವು ನೋಡಿದೀರಾ?"

ದುರ್ಗೇಶ್ ಮನಸಾರೆ ನಕ್ಕ. "ನೀವೊಳ್ಳೆ ಲಾಯರ್ ಕೇಳ್ದಂಗೆ ಕೇಳ್ತೀರಿ."

"ಸಿಗ್ಲಿಲ್ಲ ಅಂದ್ರೆ?"

"ಶುಲ್ಕ ವಾಪಸ್. ಇಲ್ಲಿಗಂಟ ಒಬ್ರೂ ವಾಪಸ್ ಕೇಳಿಲ್ಲ. ಎಲ್ರಿಗೂ ಸಿಕ್ಕೈತೆ."

ಸಿಗದೆ ಏನು ಮಾಡೀತು? ಅರ್ಜಿ ಹಾಕಿದ ಅರ್ಹರಿಗೆಲ್ಲ ಸಿಗುವಂಥದ್ದನ್ನೇ ಹುಡುಕಿ ಕೊಟ್ಟರೆ.

ಕಂಪ್ಯೂಟರಿನ ಪರದೆ ಅವನ ಕಡೆಗಿತ್ತು. ಆದರೆ ಅವನ ಬೆನ್ನ ಹಿಂದೆ ಮಂಜಣ್ಣ ಸಾರ್ ಫೋಟೊ ಇತ್ತು. ಅದರ ಗಾಜಿನಲ್ಲಿ ಪರದೆ ತಲೆಕೆಳಗಲ್ಲದಿದ್ದರೂ ಎಡಬಲ ಅದಲುಬದಲಾಗಿ ಕಾಣುತ್ತಿತ್ತು. ಅವನು ತೆರೆದದ್ದು ಒಂದೇ ಪುಟ, ಸರ್ಕಾರದ್ದು. ನಾನೂ ಓದುವಾಗ ತೆರೆದಿದ್ದ ಪುಟ. ಅದನ್ನು ಮೇಲಕ್ಕೆ ಎಳೆದ, ಕೆಳಕ್ಕೆ ಎಳೆದ, ಹುಬ್ಬು ಗಂಟಿಕ್ಕಿದ, "ಹೂಂ, ಇದು ಆಗಲ್ಲ... ಇದು ನೋಡಾಣ..." ಎಂದು ಗೊಣಗಿದ. ಹುಡುಕಾಟದ ನಾಟಕ ಚೆನ್ನಾಗಿತ್ತು.

"ಸಿಕ್ತು ಮೇಡಂ! ಈಕೆ ಅದೃಷ್ಟ ಚೆನ್ನಾಗೈತೆ. ಹೆಬ್ಬೆಟ್ಟು ಇಡಮ್ಮ."

ಇಟ್ಟೆ. ಗಾಜು ಬೆಚ್ಚಗಿತ್ತು, ನನಗಿಂತ ಮುಂಚಿನ ಹುಡುಗಿಯ ತಲೆಯೆಣ್ಣೆ ಇನ್ನೂ ಇತ್ತು. ಟಿಣ್ ಎಂದಿತು. ಫೋಟೊದ ಗಾಜಿನಲ್ಲಿ, ಮಂಜಣ್ಣ ಸಾರ್ ಎದೆಯ ಮೇಲೆ, ಹಸಿರು ಗುರುತೊಂದು ಮೂಡಿತು.

ದುರ್ಗೇಶನ ಬೆರಳು ಸರಕ್ಕನೆ ಓಡಿತು. ಪುಟ ಬದಲಾಯಿತು.

"ತಗಳ್ಲಿಲ್ಲ ಕಣಮ್ಮ. ಇನ್ನೊಂದ್ಸಲ ಇಡು."

ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಹೇಳಿದ ಮಾತು ಕೇಳುವ ಕೈ ಅದು. ಮಿಷನ್ನಿನಿಂದ ಬೆರಳಷ್ಟು ಮೇಲೆ ನಿಂತಿತು.

ನಾನು ಟೈಪ್ ಮಾಡುವವಳು. ನನ್ನ ಬೆರಳಿನ ಗೆರೆಗಳು ಒಂದೂ ಸವೆದಿಲ್ಲ.

ಮೇಡಂ ನನ್ನನ್ನು ನೋಡುತ್ತಿದ್ದರು. ಅವರಿಗೆ ಗಾಜಿನೊಳಗಿನದು ಕಾಣುತ್ತಿರಲಿಲ್ಲ, ಕಂಡಿದ್ದು ನನಗೊಬ್ಬಳಿಗೇ. ಮಾತೆಲ್ಲ ನಾನಾಡ್ತೀನಿ ಎಂದಿದ್ದವರು ಈಗ ಸುಮ್ಮನೆ ಕಾಯುತ್ತಿದ್ದರು.

"ತಗಂಡೈತೆ," ಎಂದೆ.

"ಏನಮ್ಮ?"

"ಮೊದಲ್ನೇ ಸಲಕ್ಕೇ ತಗಂಡೈತೆ. ಹಸಿರು ಬಂತು." ನನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು. "ಈಗ ನೀವು ಬೇರೆ ಪುಟ ತೆಗ್ದಿದೀರಿ. ಅದು ಬ್ಯಾಂಕಿಂದು. ಎರಡ್ನೇ ಹೆಬ್ಬೆಟ್ಟು ಅಲ್ಲಿಗೆ."

ಮೇಡಂ ಎದ್ದು, ಮೇಜಿನ ಮೇಲೆ ಬಾಗಿ, ಮಿಷನ್ನಿನ ವೈರನ್ನು ಕಿತ್ತರು.

"ಲಾಯರ್ ಕೇಳ್ದಂಗೆ ಅಲ್ಲ ಕಣಪ್ಪ, ಲಾಯರ್ರೇ. ಪರದೆ ಈ ಕಡೆ ತಿರುಗಿಸು."

ಅವನು ತಿರುಗಿಸಲಿಲ್ಲ. ಗಾಬರಿಯೂ ಆಗಲಿಲ್ಲ. ಅವನ ಮುಖದಲ್ಲಿ ಕಂಡದ್ದು ಬೇಸರ, ಕರೆಂಟು ಹೋದಾಗ ಅಂಗಡಿಯವರಿಗೆ ಬರುವಂಥದ್ದು.

"ವೈರ್ ಯಾಕೆ ಕಿತ್ರಿ ಮೇಡಂ? ಕೆಳಗೆ ಜನ ಕಾಯ್ತಾವ್ರೆ. ಈಗ ಆಯಮ್ಮ ಬಂದು ಬೆರಳು ಇಡೋಗಂಟ ಮಿಷನ್ ಏಳಲ್ಲ."

"ಯಾವ ಅಮ್ಮ?"

ಬಾಯಿ ಜಾರಿದ್ದು ಅವನಿಗೆ ತಿಳಿಯಿತು. ಯೋಚಿಸಿದ. ಆಮೇಲೆ ಕುರ್ಚಿಗೆ ಒರಗಿದ. ಜಾರಿದ ಮಾತಿನಲ್ಲೇ ತನಗೆ ಅನುಕೂಲವಿದೆ ಎಂದು ಕಂಡುಕೊಂಡವನಂತೆ.

"ಏಜೆಂಟು ನಾನಲ್ಲ ಮೇಡಂ. ನಾನು ಹುಡುಕಿ ಕೊಡೋನು, ಅಷ್ಟೇ. ಮಿಷನ್ ಅವ್ರದ್ದು. ಬೆಳಿಗ್ಗೆ ಒಂದ್ಸಲ, ಊಟದ ಹೊತ್ತಿಗೆ ಒಂದ್ಸಲ ಬೆರಳಿಟ್ಟು ಹೋಗೋದು ಅವ್ರು. ದುಡ್ಡು ತೆಗೆಯೋ ಓಟಿಪಿ ಬರಾಕೆ ಅಕೌಂಟಿಗೆಲ್ಲ ಕೊಟ್ಟಿರೋ ಫೋನ್ ನಂಬರ್ರೂ ಅವ್ರ ಹೆಸರಿನ ಸಿಮ್ಮೇ. ಕೇಸ್ ಹಾಕ್ತೀರಾ? ಹಾಕ್ರಿ. ನಾನೇ ಸಾಕ್ಷಿ ಹೇಳ್ತೀನಿ."

"ಆ ಸಿಮ್ ಈಗ ಎಲ್ಲಿದೆ?"

ಅವನ ಕಣ್ಣು ಮೇಜಿನ ಮೇಲಿದ್ದ ಎರಡು ಫೋನುಗಳಲ್ಲಿ ಚಿಕ್ಕದರ ಕಡೆ ಹೋಗಿ ಬಂತು.

"ಮಂಜಣ್ಣ ಸಾರ್‌ಗೆ ಇದೆಲ್ಲ ಗೊತ್ತಾ?"

"ಪಾಪ, ಅವ್ರಿಗೇನು ಗೊತ್ತು? ವರ್ಷಕ್ಕೊಂದು ಹಾರ ಹಾಕಿದ್ರೆ ಸಾಕು, ವರ್ಷಪೂರ್ತಿ ಹುಡುಗೀರ್ನ ಕಳಿಸ್ತಾರೆ."

ಮೇಡಂ ಬ್ಯಾಗಿನಿಂದ ದೂರಿನ ಕಾಗದ ತೆಗೆದು ನನ್ನ ಮುಂದಿಟ್ಟರು. ಜ್ಯೂಸ್ ಅಂಗಡಿಯಲ್ಲಿ ಕೂತು ನಾನೇ ಬರೆದದ್ದು. ದೀಪಾ ಕೆಳಗೆ ಸಹಿಯನ್ನೂ ಹಾಕಿದ್ದಳು. ಏಜೆಂಟಿನ ಹೆಸರಿಗೆ ಮಾತ್ರ ಜಾಗ ಬಿಟ್ಟಿತ್ತು.

"ಕಾಯೋಣ," ಎಂದರು ಮೇಡಂ. "ಊಟದ ಹೊತ್ತು ಆಯ್ತಲ್ಲ."

ಹೆಚ್ಚು ಕಾಯಬೇಕಾಗಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದವಳ ತಲೆಗೂದಲಲ್ಲಿ ತೆಂಗಿನ ನಾರಿನ ಚೂರುಗಳಿದ್ದವು.

"ತಡ ಆತು ದುರ್ಗೇಶಣ್ಣ. ಇವತ್ತು ಕಾಯಿ ಮಂಡಿಯಾಗೆ ಲೋಡು ಜಾಸ್ತಿ..." ಎನ್ನುತ್ತಲೇ ನೇರ ಮಿಷನ್ನಿನ ಹತ್ತಿರ ಬಂದು ಬೆರಳು ಚಾಚಿದಳು. ಆಮೇಲೆ ನನ್ನನ್ನು ಕಂಡಳು.

ಆ ಕೋಣೆಯಲ್ಲಿ ಮೊದಲು ನನ್ನನ್ನೇ ನೋಡಿದವಳು ಅವಳು.

"ಅಯ್ಯ, ಸುಪ್ರಿ! ನೀನ್ಯಾವಾಗ ಬಂದ್ಯೇ? ಮನೆಗೆ ಬರ್ದಂಗೆ ಇಲ್ಲೇ ಬಂದಿದೀಯಲ್ಲ! ನೀನೂ ಸ್ಕಾಲರ್‌ಶಿಪ್ಪಿಗೇನಾ?"

ಗಂಗಕ್ಕ. ನನ್ನ ಚಿಕ್ಕಮ್ಮ. ದೀಪಾಳ ತಾಯಿ.

ಮೇಡಂ ಅವರ ಕಣ್ಣು ಅವಳಿಂದ ನನ್ನ ಮೇಲೆ ಬಂತು. ನಾನು ಮಿಷನ್ನಿನ ಕೆಂಪು ಬೆಳಕು ಇದ್ದ ಜಾಗವನ್ನು ನೋಡುತ್ತಿದ್ದೆ. ಈಗ ಅದು ಕಪ್ಪು ಗಾಜು.

"ಚಿಕ್ಕಮ್ಮ, ಈ ಮಿಷನ್ನು..."

"ನಂದೇ ಕಣೇ!" ಅವಳ ಮುಖ ಅರಳಿತು. "ನಮ್ಮ ಮಹಿಳಾ ಸಂಘದಿಂದ ನನ್ನನ್ನ ಏಜೆಂಟ್ ಮಾಡಿದ್ರು, ಟ್ರೈನಿಂಗೂ ಕೊಟ್ರು. ನಂಗೆ ಆ ಇಂಗ್ಲಿಷ್ ಒತ್ತಾಕೆ ಬರ್ಲಿಲ್ಲ. ಪೆಟ್ಟಿಗೆ ಬಿಚ್ಚದಂಗೆ ಮನೆಯಾಗೆ ಬಿದ್ದಿತ್ತು. ದುರ್ಗೇಶಣ್ಣ, ನಾನು ನೋಡ್ಕಂತೀನಿ ಕೊಡಕ್ಕ, ದಿನಾ ಬಂದು ಬೆರಳಿಟ್ಟು ಹೋದ್ರೆ ಸಾಕು ಅಂದ. ಅದಕ್ಕೆ ದೀಪಂದು ಶುಲ್ಕ ತಗಳ್ದಂಗೆ ಹುಡುಕಿ ಕೊಟ್ಟ." ದನಿ ತಗ್ಗಿಸಿದಳು. "ಅವ್ಳಿಗೆ ಹೇಳ್ಬ್ಯಾಡ. ಪುಕ್ಕಟೆ ಮಾಡ್ಸಿದ್ದು ಅಂದ್ರೆ ಸಿಟ್ಟು ಮಾಡ್ಕಂತಾಳೆ."

"ಕೇಳಿದ್ರಲ್ಲ ಮೇಡಂ," ಎಂದ ದುರ್ಗೇಶ್ ಮೆಲ್ಲಗೆ. "ಇವ್ರ ಮಗಳೊಬ್ಳೇ ಅಲ್ಲ. ಇಲ್ಲಿ ಬಂದ ಹುಡುಗೀರ ಅಕೌಂಟೆಲ್ಲ ಇವ್ರ ಬೆರಳಿಂದನೇ ತೆಗ್ದಿದ್ದು."

"ಹೂಂನಮ್ಮ," ಎಂದಳು ಚಿಕ್ಕಮ್ಮ ಮೇಡಂ ಕಡೆ ತಿರುಗಿ, ಹೊಗಳಿದರು ಎಂದುಕೊಂಡು.

ಮೇಡಂ ಕೈಗಡಿಯಾರ ನೋಡಿದರು. "ಸುಪ್ರಿಯಾ," ಎಂದರು. "ಆ ಬ್ಯಾಂಕಿನ ಆಫೀಸು ನಾಲ್ಕಕ್ಕೆ ಮುಚ್ಚುತ್ತೆ."

ಪೆನ್ನು ಎತ್ತಿಕೊಂಡೆ. "ಚಿಕ್ಕಮ್ಮ, ಬ್ಯಾಂಕಿನೋರು ನಿನ್ನ ಹೆಸರು ಹೆಂಗೆ ಬರ್ಕಂಡವ್ರೆ?"

"ಗಂಗಮ್ಮ ಅಂತ. ಗಂಗಕ್ಕ ಅಂತ ಬರೀಬ್ಯಾಡ ಮತ್ತೆ. ಗಂಗಮ್ಮ, ಗಂಡ ಚಿತ್ತಯ್ಯ." ನನ್ನ ಹೆಗಲ ಮೇಲಿಂದ ಬಗ್ಗಿ, ಒಂದೊಂದೇ ಅಕ್ಷರವನ್ನು ನಾನು ಸರಿಯಾಗಿ ಬರೆಯುತ್ತಿದ್ದೇನೆಯೇ ಎಂದು ನೋಡಿದಳು. ಅವಳ ಮೈಯಿಂದ ಹಸಿ ಕಾಯಿಯ ವಾಸನೆ ಬರುತ್ತಿತ್ತು. "ನಿನ್ ಅಕ್ಷರ ಎಷ್ಟು ದುಂಡಗೈತೆ ಕಣೇ."

"ಅವ್ವ."

ದೀಪಾ ಬಾಗಿಲಲ್ಲಿ ನಿಂತಿದ್ದಳು. ತಾಯಿ ಮೆಟ್ಟಿಲು ಹತ್ತಿದ್ದನ್ನು ಎದುರಿನಿಂದ ಕಂಡು ಹಿಂದೆಯೇ ಬಂದಿರಬೇಕು. ಎಷ್ಟು ಕೇಳಿಸಿಕೊಂಡಿದ್ದಳೋ, ಅವಳ ಕಣ್ಣು ನನ್ನ ಮುಂದಿದ್ದ ಕಾಗದದ ಮೇಲಿತ್ತು.

"ನೀನೂ ಬಂದ್ಯಾ? ಕಾಲೇಜಿನ ದುಡ್ಡು ಬಂತೇನೇ?" ಎಂದಳು ಚಿಕ್ಕಮ್ಮ.

ದೀಪಾ ಮೇಡಂ ಕಡೆ ತಿರುಗಿದಳು. "ಮೇಡಂ, ಈ ಕಾಗದ ಕೊಟ್ರೆ ಅವ್ವನ್ನ ಸ್ಟೇಷನ್ನಿಗೆ ಕರೀತಾರಾ?"

"ಕರೀತಾರೆ. ಅವಳಿಗೇನೂ ಗೊತ್ತಿಲ್ಲ ಅಂತ ನಾನು ವಾದ ಮಾಡ್ತೀನಿ. ಆದ್ರೆ ಕರೀತಾರೆ."

"ಕೊಡ್ದಿದ್ರೆ?"

"ಇವತ್ತೇ ಅಕೌಂಟು ಖಾಲಿ. ನಾಳೆ ನಿನ್ನ ಸೀಟು ಇಲ್ಲ. ನಿಂದಷ್ಟೇ ಅಲ್ಲ, ಬೇರೆ ಹುಡುಗೀರದ್ದೂ."

"ಏನಂತೆ? ಯಾರನ್ನ ಕರೀತಾರೆ?" ಚಿಕ್ಕಮ್ಮ ಒಬ್ಬೊಬ್ಬರ ಮುಖವನ್ನೇ ನೋಡಿದಳು.

ದೀಪಾ ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಎಳೆಯಲಿಲ್ಲ, ನಾನು ಬಿಟ್ಟೆ. ಶಾಯಿ ಇನ್ನೂ ಒಣಗಿರಲಿಲ್ಲ, ಅವಳು ಅದರ ಮೇಲೆ ಒಮ್ಮೆ ಊದಿದಳು. ನಂತರ ಮೆಟ್ಟಿಲಿಳಿದು ಹೋದಳು.

ದುರ್ಗೇಶನ ಕೈ ಚಿಕ್ಕ ಫೋನಿನ ಕಡೆ ಹರಿಯಿತು. ಅದಕ್ಕಿಂತ ಮುಂಚೆ ನನ್ನ ಕೈ ಅದರ ಮೇಲಿತ್ತು. ಅವನು ನನ್ನನ್ನು ಆಗ ಮೊದಲ ಸಲ ಸರಿಯಾಗಿ ನೋಡಿದ. ನಾನು ಕೈ ತೆಗೆಯಲಿಲ್ಲ, ಕಿಟಕಿಯ ಕಡೆಗೆ ಮುಖ ತಿರುಗಿಸಿದೆ.

ಕೆಳಗೆ ದೀಪಾ ರಸ್ತೆಗೆ ಬಂದಿದ್ದಳು. ಬಲಕ್ಕೆ ಬಸ್ ಸ್ಟ್ಯಾಂಡು. ಎಡಕ್ಕೆ, ನಾಲ್ಕು ಅಂಗಡಿ ದಾಟಿದರೆ, ಆ ಬ್ಯಾಂಕಿನ ಆಫೀಸು. ಅವಳು ಕಾಗದವನ್ನು ಎದೆಗೆ ಒತ್ತಿಕೊಂಡು ಎಡಕ್ಕೆ ತಿರುಗಿದಳು. ಒಂದು ಅಂಗಡಿ ದಾಟಿದಳು. ಎರಡು.

ನನ್ನ ಪಕ್ಕದಿಂದ ಚಿಕ್ಕಮ್ಮ ಕಿಟಕಿಯ ಸರಳು ಹಿಡಿದು ಹೊರಗೆ ಬಗ್ಗಿದಳು.

"ಲೇ ದೀಪಾ! ಬಿಸಿಲಾಗೆ ಎಲ್ಲಿಗೆ ಹೊಂಟ್ಯೇ? ಉಂಡಿದೀಯೋ ಇಲ್ವೋ? ಬುತ್ತಿ ತಂದಿದೀನಿ, ಬಾರೇ!"

ದೀಪಾ ನಿಂತಳು.